ಹಕ್ಕಲು ಇಲ್ಲದ ಹೊಲ

ಪ್ರೀತಿಯ ಗೆಳೆಯ,

ಕಡಲೆಕಾಯಿ ಕಿತ್ತ ಮೇಲೆ ನನಗೊಂದು ಚೀಲ ಇಟ್ಟಿರು ಅಂದಿದ್ದೀಯ. ನಗು ಬಂತು ಕಣೋ. ನಮ್ಮ ಹೊಲದಲ್ಲಿ ಈಗ ಬೆಳೆಯುವುದು ಕರೆಂಟು! ನೀನು ಪಾವಗಡದ ಕಡೆ ಬಂದು ಎಷ್ಟು ವರ್ಷವಾಯಿತು? ತಿರುಮಣಿ ಹತ್ತಿರ ಬಂದರೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಯಾನಲ್‌ಗಳೇ. ಐದು ಊರಿನ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ದೂರದಿಂದ ಕೆರೆ ತುಂಬಿದ ಹಾಗೆ ಕಾಣುತ್ತದೆ. ನಮ್ಮಲ್ಲಿ ಕೆರೆ ತುಂಬುವ ಚಂದ ನಿನಗೆ ಗೊತ್ತೇ ಇದೆಯಲ್ಲ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಭೂಮಿ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಜಾಸ್ತಿ. ಮಳೆ ಬರಲಿ, ಬಿಡಲಿ, ದುಡ್ಡು ಬರುತ್ತದೆ. ನಾಲ್ಕು ಎಕರೆ ಖುಷ್ಕಿಯಲ್ಲಿ ಅಪ್ಪ ಯಾವತ್ತೂ ಅಷ್ಟು ಕಂಡವರಲ್ಲ. ಸಾಲ ತೀರಿತು.

ಆದರೆ ನಮ್ಮ ಬೀದಿಯ ಕೊನೆಮನೆ ಅಜ್ಜಿ ನೆನಪಿದ್ದಾಳಾ? ಅವಳಿಗೆ ಒಂದು ಗುಂಟೆ ಜಮೀನೂ ಇಲ್ಲ. ಕಡಲೆಕಾಯಿ ಕೀಳಲು ಬಂದರೆ ಕೂಲಿ. ಕಿತ್ತು ಮುಗಿದ ಮೇಲೆ ಕುಕ್ಕರುಗಾಲಲ್ಲಿ ಕೂತು, ಮಣ್ಣು ಕೆದಕಿ ಹಕ್ಕಲು, ಅಂದರೆ ನೆಲದಲ್ಲೇ ಉಳಿದ ಕಾಯಿ, ಆಯುತ್ತಿದ್ದಳು. ಹೊಲ ಯಾರದ್ದೇ ಆಗಲಿ, ಹಕ್ಕಲು ಅವಳದು. ಯಾರನ್ನೂ ಕೇಳಬೇಕಾಗಿರಲಿಲ್ಲ. ಮಡಿಲು ತುಂಬಿದ ಮೇಲೆ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಅವಳ ಎರಡು ಮೇಕೆ ಬದುವಿನಲ್ಲೇ ಮೇಯುತ್ತಿದ್ದವು. ಈಗ ಅಲ್ಲಿ ತಂತಿ ಬೇಲಿ. ಪ್ಯಾನಲ್ ಒರೆಸಲು, ಹುಲ್ಲು ತೆಗೆಯಲು, ಕಾವಲಿಗೆ ಒಂದಷ್ಟು ಜನರನ್ನು ಕರೆಯುತ್ತಾರೆ. ಅವಳನ್ನು ಯಾರು ಕರೆಯುತ್ತಾರೆ? ಬಾಡಿಗೆ ಸೀದಾ ನಮ್ಮ ಖಾತೆಗೆ ಬಂದು ಬೀಳುತ್ತದೆ. ಅದರಲ್ಲಿ ಆಯಲು ಏನೂ ಉಳಿಯುವುದಿಲ್ಲ.

ನಿಮ್ಮ ಕೆಜಿಎಫ್ ಕಥೆಯೂ ಇದೇ ಅಲ್ವಾ? 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ಕರೆಂಟು ಬಂತು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲು. ತಂತಿ ಹಾದು ಹೋದ ಹಳ್ಳಿಗಳಲ್ಲಿ ಮಾತ್ರ ಬುಡ್ಡಿ ದೀಪ.

ಪ್ಯಾನಲ್‌ದೇನು ತಪ್ಪು ಹೇಳು. ಕರಾರಿನ ಮಾತುಕತೆಗೆ ಪಹಣಿ ಇದ್ದವರನ್ನು ಕೂರಿಸಿಕೊಂಡರು. ನಾನೂ ಅಲ್ಲೇ ಇದ್ದೆ. ಎಕರೆಗೆ ಇನ್ನೊಂದು ಸಾವಿರ ಏರಿಸಿ ಅಂತ ಕೇಳಿದೆ. ಕೂಲಿಯವರ ಮಾತು ಎತ್ತಲಿಲ್ಲ. ನಿಜ ಹೇಳಬೇಕೆಂದರೆ, ಹೊಳೆಯಲೇ ಇಲ್ಲ.

ಹೋದ ವಾರ ಅಜ್ಜಿ ಸಿಕ್ಕಿದಳು. "ಈ ಸಲ ಯಾರ ಹೊಲದಲ್ಲಪ್ಪ ಕಡಲೆಕಾಯಿ?" ಅಂತ ಕೇಳಿದಳು. ಎರಡು ಮೈಲಿ ಆಚೆಯ ಊರಿನ ಹೆಸರು ಹೇಳಿದೆ. ಸುಮ್ನೆ ತಲೆಯಾಡಿಸಿ ಹೋದಳು.

ನಿನ್ನ ಚೀಲವನ್ನು ಸಂತೆಯಲ್ಲಿ ಕೊಂಡು ಬಸ್ಸಿಗೆ ಹಾಕುತ್ತೇನೆ. ಒಂದೆರಡು ಸೇರು ಕಮ್ಮಿ ಇದ್ದರೆ ಯಾಕೆ ಅಂತ ಕೇಳಬೇಡ.

ನಿನ್ನವನೇ,
ಪಾವಗಡದಿಂದ