ವಿನಿಗರ್ ಸರಿ, ಉಪ್ಪು ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯ ಸಣ್ಣಪುಟ್ಟ ಉಪಾಯಗಳ ನಡುವೆ ತುಕ್ಕು ತೆಗೆಯುವ ಉಪಾಯವೂ ಒಂದಿತ್ತು. ವಿನಿಗರ್‌ಗೆ ಒಂದು ಹಿಡಿ ಉಪ್ಪು ಹಾಕಿ, ಹಳೇ ವಾಹನದ ಬಿಡಿಭಾಗಗಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಒರೆಸಿದರೆ ಫಳಫಳ ಹೊಳೆಯುತ್ತವೆ ಎಂದು ನಾಲ್ಕೇ ಸಾಲು. ಹೊಳೆಯುವುದೇನೋ ನಿಜ. ಎಷ್ಟು ಹೊತ್ತು ಎಂದು ಮಾತ್ರ ಬರೆದಿರಲಿಲ್ಲ. ಮಳೆ ಸುರಿಯುವ ಕೊಡಗಿನ ನಮ್ಮ ಮಾದಾಪುರದಲ್ಲಾದರೆ ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವಷ್ಟು ಹೊತ್ತು.

ನಾನು ಮೆಕ್ಯಾನಿಕ್ ಅಲ್ಲ. ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 27 ವರ್ಷ ಅಟೆಂಡರ್ ಆಗಿದ್ದವನು. ಪಾಠ ಮಾಡಿದ್ದು ಮೇಷ್ಟ್ರುಗಳು, ಬಾಟಲಿ ತೊಳೆದದ್ದು ನಾನು. ಯಾವ ಆಸಿಡ್ ಯಾವುದನ್ನು ತಿನ್ನುತ್ತದೆ ಎಂಬುದು ಪುಸ್ತಕದಿಂದಲ್ಲ, ನನ್ನ ಪ್ಯಾಂಟಿನ ತೂತುಗಳಿಂದ ಗೊತ್ತು. ಅಪ್ಪ ಬಿಟ್ಟುಹೋದ ಹಳೇ ಪೆಟ್ರೋಲ್ ಜೀಪೊಂದು ಮನೆಯಲ್ಲಿದೆ. 2018ರ ಆಗಸ್ಟಿನಲ್ಲಿ ಈ ಕಡೆ ಬೆಟ್ಟಗಳು ಜರಿದಾಗ ನಮ್ಮ ಶೆಡ್ಡಿಗೂ ಕೆಸರು ನುಗ್ಗಿ, ಸೀಟಿನ ಮಟ್ಟದವರೆಗೆ ಹೂತುಹೋಗಿತ್ತು. ಮನೆ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಜೀಪಿನ ಕಡೆ ಎರಡು ವರ್ಷ ತಲೆ ಹಾಕಲಿಲ್ಲ. ಆಮೇಲೆ ಒಂದೊಂದೇ ಸಾಮಾನು ಬಿಚ್ಚುತ್ತಾ ಬಂದಿದ್ದೇನೆ.

ನಿಮ್ಮ ಅಂಕಣದಲ್ಲಿ ಬಂದದ್ದನ್ನೇ ನಾನೂ ಮೊದಲು ಮಾಡಿದ್ದು. ಪ್ಲಾಸ್ಟಿಕ್ ಬಕೆಟ್ಟಿಗೆ ವಿನಿಗರ್ ಸುರಿದು, ಉಪ್ಪು ಹಾಕಿ, ಬಾನೆಟ್ಟಿನ ಕೊಂಡಿ, ಬಾಗಿಲ ಕೀಲು, ನಟ್ಟು ಬೋಲ್ಟುಗಳ ಜೊತೆಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನೂ ಮುಳುಗಿಸಿ ಮಲಗಿದೆ. ಬೆಳಿಗ್ಗೆ ನಟ್ಟುಗಳು ಬೂದು ಬಣ್ಣಕ್ಕೆ ತಿರುಗಿ ಚೆನ್ನಾಗಿಯೇ ಇದ್ದವು. ಕಾರ್ಬುರೇಟರಿನ ಮೈಮೇಲೆ ಮಾತ್ರ ಹಳೇ ಉಪ್ಪಿನಕಾಯಿ ಮೇಲೆ ಬರುವ ಬೂಷ್ಟಿನಂತೆ ಬಿಳಿ. ಉಗುರಿನಲ್ಲಿ ಕೆರೆದರೆ ಪುಡಿ ಉದುರಿತು, ಪೆಟ್ರೋಲ್ ಚಿಮ್ಮುವ ಜೆಟ್ ಕೂರುವ ತಿರುಪಿನ ಮರೆಯೆಲ್ಲ ಸವೆದುಹೋಗಿತ್ತು. ಅದು ಕಬ್ಬಿಣವಲ್ಲ, ಸತುವಿನ ಎರಕ. ಸತುವಿಗೂ ಅಲ್ಯುಮಿನಿಯಂಗೂ ಹುಳಿ ಆಗದು. 27 ವರ್ಷ ಸತುವಿನ ತುಂಡಿಗೆ ಆಸಿಡ್ ಹಾಕಿ ಹೈಡ್ರೋಜನ್ ಬರಿಸುವ ಪ್ರಯೋಗಕ್ಕೆ ಸಾಮಾನು ಜೋಡಿಸಿಕೊಟ್ಟವನು ನಾನು! ಇನ್ನೊಂದು ಕಾರ್ಬುರೇಟರನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿ ತರಿಸಬೇಕಾಯಿತು.

ಇನ್ನು ಉಪ್ಪಿನ ವಿಷಯ. ಉಪ್ಪು ಹಾಕಿದರೆ ಹುಳಿಯ ಕೆಲಸ ಚುರುಕಾಗುತ್ತದೆ, ಸುಳ್ಳಲ್ಲ. ಆದರೆ ತುಕ್ಕು ತಿಂದ ಕಬ್ಬಿಣದ ಮೈ ಸಪಾಟಾಗಿರುವುದಿಲ್ಲ, ಸಿಡುಬಿನ ಕಲೆಯಂತೆ ಗುಳಿ ಗುಳಿ. ಆ ಗುಳಿಯಲ್ಲಿ ಕೂತ ಉಪ್ಪು ಒಂದು ಸಲ ತೊಳೆದರೆ ಹೋಗದು. ಗಾಳಿಯ ತೇವವನ್ನು ಎಳೆದುಕೊಂಡು ಅಲ್ಲಿಂದಲೇ ಮತ್ತೆ ತುಕ್ಕು ಶುರು ಮಾಡುತ್ತದೆ. ಗಾಳಿಯ ತೇವಾಂಶ ಶೇ 60ರ ಆಸುಪಾಸು ದಾಟಿದರೆ ತುಕ್ಕಿನ ಓಟ ಜೋರಾಗುತ್ತದೆ. ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ಊರು ನಮ್ಮದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬನಿಯನನ್ನೇ ಒಲೆಯ ಮೇಲೆ ಒಣಗಿಸಬೇಕು. ಇಲ್ಲಿ ಬೆತ್ತಲೆ ಕಬ್ಬಿಣದ ಪಾಡು ಕೇಳಬೇಕೆ?

ಹಾಗಾಗಿ ಬರೀ ವಿನಿಗರ್ ಸಾಕು. ವಿನಿಗರ್‌ಗಿಂತ ಅಗ್ಗ ಬೇಕಾದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಹೆಸರಿಗೆ ಉಪ್ಪು, ಅಸಲಿಗೆ ಸಿಟ್ರಿಕ್ ಆಸಿಡ್. ಲೀಟರ್ ನೀರಿಗೆ 50 ಗ್ರಾಂ ಕರಗಿಸಿ, ಮೊದಲೇ ಸೋಪಿನ ನೀರಿನಲ್ಲಿ ಜಿಡ್ಡು ತೊಳೆದ ಸಾಮಾನು ಹಾಕಬೇಕು. ಗ್ರೀಸ್ ಇದ್ದ ಕಡೆ ಹುಳಿ ತಾಗುವುದೇ ಇಲ್ಲ. ಗಂಟೆಗೊಮ್ಮೆ ತೆಗೆದು ತೆಂಗಿನ ನಾರಿನಲ್ಲಿ ತಿಕ್ಕಿ ನೋಡುತ್ತಿರಬೇಕು. ತುಕ್ಕು ಹೋದ ಜಾಗದಿಂದ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದರೆ ಹುಳಿ ಕಬ್ಬಿಣಕ್ಕೇ ಕೈ ಹಾಕಿದೆ ಎಂದು ಲೆಕ್ಕ.

ಮೊದಲ ವರ್ಷ ವಿನಿಗರ್ ಖಾಲಿಯಾದಾಗ ಅಡುಗೆಮನೆಯಿಂದ ಕಾಚಂಪುಳಿ ಬಾಟಲಿ ಎತ್ತಿಕೊಂಡೆ. ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗಾಗುವವರೆಗೆ ಕುದಿಸಿದ ಹುಳಿ ಅದು. ತುಕ್ಕು ಬಿಡಿಸಿತು, ಆ ಮಾತು ಬೇರೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಹಂದಿ ಸಾರಿಗೆ ಒಂದು ಚಮಚ ಹೆಚ್ಚು ಬಿದ್ದರೆ ಮುಖ ಊದಿಸ್ತೀರಲ್ಲ, ಈಗ ಈ ಗುಜರಿಗೆ ಬಾಟ್ಲಿ ಪೂರಾ ಸುರಿದ್ರಾ?” ಎಂದಳು. ಆ ಪ್ರಯೋಗ ಅಲ್ಲಿಗೇ ನಿಂತಿತು. ಓದುಗರೂ ಆ ದಾರಿ ಹಿಡಿಯುವುದು ಬೇಡ.

ಮುಖ್ಯವಾದದ್ದು ಬಕೆಟ್ಟಿನಿಂದ ತೆಗೆದ ಮೇಲಿನ ಹತ್ತು ನಿಮಿಷ. ಸಾಮಾನನ್ನು ಅಡುಗೆ ಸೋಡಾ ಕಲಸಿದ ನೀರಿಗೆ ಅದ್ದಿದರೆ ಉಳಿದ ಹುಳಿ ಸಾಯುತ್ತದೆ. ಆಮೇಲೆ ತಣ್ಣೀರಲ್ಲ, ಕುದಿಯುವ ಬಿಸಿನೀರು. ಕಬ್ಬಿಣ ಕಾದರೆ ಮೇಲಿನ ನೀರು ತಾನೇ ಹಬೆಯಾಗಿ ಹೋಗುತ್ತದೆ. ಇಕ್ಕಳದಲ್ಲಿ ಹಿಡಿದೆತ್ತಿ, ಒಲೆಯ ಪಕ್ಕ ಇಟ್ಟು, ಇನ್ನೂ ಬೆಚ್ಚಗಿರುವಾಗಲೇ ಎಂಜಿನ್ ಆಯಿಲ್ ಸವರಬೇಕು. ಬಣ್ಣ ಹೊಡೆಯುವುದಿದ್ದರೆ ಆಯಿಲ್ ಬೇಡ, ಅಂದೇ ರೆಡ್ ಆಕ್ಸೈಡ್ ಎಂಬ ಅಡಿಬಣ್ಣ. ‘ನಾಳೆ ಹೊಡೆದರಾಯಿತು’ ಎಂದು ಬಿಟ್ಟ ನನ್ನ ಜಾಕ್ ಬೆಳಗಾಗುವಷ್ಟರಲ್ಲಿ ಅರಿಶಿನ ಹಚ್ಚಿದ ಹಾಗಿತ್ತು.

ಈಗ ನಾನು ನೆಚ್ಚಿಕೊಂಡಿರುವುದು ಹುಳಿಯನ್ನಲ್ಲ, ಬಟ್ಟೆ ಒಗೆಯುವ ವಾಷಿಂಗ್ ಸೋಡಾವನ್ನು. ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರು, ಎರಡು ಮೂರು ದೊಡ್ಡ ಚಮಚ ಸೋಡಾ, 12 ವೋಲ್ಟ್ ಬ್ಯಾಟರಿ ಚಾರ್ಜರ್. ಚಾರ್ಜರಿನ ಮೈನಸ್ ತಂತಿ ತುಕ್ಕು ಹಿಡಿದ ಸಾಮಾನಿಗೆ, ಪ್ಲಸ್ ತಂತಿ ಕೆಲಸಕ್ಕೆ ಬಾರದ ಕಬ್ಬಿಣದ ತುಂಡಿಗೆ. ನಾನು ಮುರಿದ ಗುದ್ದಲಿ ಹಾಕುತ್ತೇನೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ವಲ್ಪ ಹೊತ್ತಿಗೆ ಸಾಮಾನಿನ ಮೈಯಿಂದ ನೊರೆಗುಳ್ಳೆ ಏಳುತ್ತವೆ, ಸಂಜೆಗೆ ಕೆಂಪು ತುಕ್ಕು ಕಪ್ಪು ಕೆಸರಾಗಿ ಬೆರಳಿಗೇ ಬರುತ್ತದೆ. ಒಳ್ಳೆಯ ಕಬ್ಬಿಣ ಒಂದಿಷ್ಟೂ ಸವೆಯುವುದಿಲ್ಲ. ಸೋಡಾ ನೀರಿನಲ್ಲಿ ಕಬ್ಬಿಣ ಸುಲಭಕ್ಕೆ ತುಕ್ಕು ಹಿಡಿಯುವುದೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬಾರದಿದ್ದರೂ ಸಾಮಾನು ಅಲ್ಲೇ ಸುಖವಾಗಿರುತ್ತದೆ.

ಇದರಲ್ಲೂ ಉಪ್ಪು ಕೂಡದು. ಕರೆಂಟ್ ಹರಿದರೆ ಉಪ್ಪಿನಿಂದ ಕ್ಲೋರಿನ್ ಗಾಳಿ ಏಳುತ್ತದೆ. ಪ್ಲಸ್ ಕಡೆಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಬೇಡಿ, ಅದರೊಳಗಿನ ಕ್ರೋಮಿಯಂ ನೀರಿಗೆ ಇಳಿದು ವಿಷವಾಗುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಜಗಲಿಯಲ್ಲಿ ಬಯಲಿಗೆ ಇಡಿ, ಹತ್ತಿರ ಬೀಡಿ ಹಚ್ಚಬೇಡಿ, ಸ್ವಿಚ್ ಆರಿಸದೆ ಕೈ ಹಾಕಬೇಡಿ. ಅಲ್ಯುಮಿನಿಯಂ ಸಾಮಾನನ್ನು ಸೋಡಾ ಕೂಡ ತಿನ್ನುತ್ತದೆ.

ಕಕ್ಕಸು ತೊಳೆಯುವ ಆಸಿಡ್ಡನ್ನು ಹಲವರು ಬಳಸುತ್ತಾರೆ. ನನ್ನ ವಿರೋಧವಿದೆ. ನಮ್ಮ ಲ್ಯಾಬಿನಲ್ಲಿ ಅದೇ ಹೈಡ್ರೋಕ್ಲೋರಿಕ್ ಆಸಿಡ್ ಇಡುವ ಕಪಾಟಿನ ಪಕ್ಕದ ಸ್ಟ್ಯಾಂಡು, ಬೀಗ, ಕಿಟಕಿಯ ಸರಳು ಎಲ್ಲಕ್ಕೂ ವರ್ಷ ವರ್ಷ ಬಣ್ಣ ಹೊಡೆಸಬೇಕಿತ್ತು. ಯಾರೂ ಅವುಗಳ ಮೇಲೆ ಆಸಿಡ್ ಚೆಲ್ಲಿರಲಿಲ್ಲ, ಅದರ ಹೊಗೆಗೇ ಹಾಗೆ. ಶೆಡ್ಡಿನಲ್ಲಿ ಒಂದು ಬೋಲ್ಟಿಗೆಂದು ಆ ಬಾಟಲಿ ತೆರೆದರೆ ಉಳಿದ ಸ್ಪ್ಯಾನರುಗಳಿಗೆಲ್ಲ ತುಕ್ಕು ಹಂಚಿದ ಹಾಗೆ. ಅದಕ್ಕೆ ಬ್ಲೀಚಿಂಗ್ ಪುಡಿ ಸೇರಿದರಂತೂ ಪ್ರಾಣಕ್ಕೇ ಅಪಾಯ. ಸ್ಪ್ರಿಂಗ್ ಪಟ್ಟಿ ಮತ್ತು ಗಡಸು ಉಕ್ಕಿನ ಬೋಲ್ಟುಗಳನ್ನು ಯಾವ ಆಸಿಡ್ಡಿಗೂ ಹಾಕಕೂಡದು. ಹೈಡ್ರೋಜನ್ ಒಳಗೆ ಸೇರಿ ಉಕ್ಕು ಪೆಡಸಾಗಿ, ಭಾರ ಬಿದ್ದ ದಿನ ಪಟಕ್ಕನೆ ಮುರಿಯುತ್ತದೆ. ಬ್ರೇಕ್ ಪೈಪಿಗೂ ಸ್ಟಿಯರಿಂಗಿನ ಕೀಲುಗಳಿಗೂ ಮನೆಮದ್ದೇ ಬೇಡ, ಹೊಸದು ಹಾಕಿಸಿ.

ತುಕ್ಕು ಪೂರ್ತಿ ಬಿಡದ ಮೂಲೆಗಳಿಗೆ ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿದರೆ ಅಲ್ಲಿ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಒಗರು, ಅದೇ ಕಪ್ಪು. ಅದರ ಮೇಲೆ ಎಣ್ಣೆ ಸವರಿದರೆ ಒಂದು ಮಳೆಗಾಲ ತಡೆಯುತ್ತದೆ, ಹೆಚ್ಚು ಕೇಳಬೇಡಿ. ಕ್ರೋಮ್ ಬಂಪರಿಗೆ ಚಪಾತಿ ಸುತ್ತಿ ಬರುವ ಫಾಯಿಲ್ ಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕಿದರೆ ಸಾಕು.

ನಟ್ಟು ಅಲುಗದಿರುವುದಕ್ಕೆಲ್ಲ ತುಕ್ಕೇ ಕಾರಣವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಎಡಗಡೆ ಚಕ್ರದ ನಟ್ಟುಗಳಿಗೆ ಮೂರು ದಿನ ಡೀಸೆಲ್ ಕುಡಿಸಿ, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜೋತುಬಿದ್ದರೂ ಅಲುಗಲಿಲ್ಲ. ಕೊನೆಗೆ ಪೇಟೆಯ ಗ್ಯಾರೇಜಿನ ಕಾಕ ಬಂದು ಬೋಲ್ಟಿನ ತುದಿ ಒರೆಸಿ ನೋಡಿ, “ಅಣ್ಣಾ, ಇಲ್ಲಿ ಎಲ್ ಅಂತ ಇದೆ. ಈ ಜೀಪಿಗೆ ಎಡಗಡೆ ಮರೆ ಉಲ್ಟಾ. ನೀವು ಮೂರು ದಿನದಿಂದ ಬಿಗಿ ಮಾಡ್ತಾ ಇದ್ದೀರಿ” ಎಂದರು.

ನಮ್ಮ ಮಳೆಗಾಲದ ಕಕ್ಕಡ ತಿಂಗಳು ಕಳೆದರೆ ಸೆಪ್ಟೆಂಬರ್ 3ಕ್ಕೆ ಆಯುಧಗಳ ಹಬ್ಬ ಕೈಲ್ ಮುಹೂರ್ತ. ಕೋವಿ, ಕತ್ತಿಗಳ ಜೊತೆ ಹಳೇ ವಾಹನಗಳನ್ನೂ ಹೊರಗೆ ತೆಗೆದು ತಿಕ್ಕುವ ಸಮಯ. ಅಷ್ಟರೊಳಗೆ ಆ ಅಂಕಣಕ್ಕೊಂದು ತಿದ್ದುಪಡಿ ಹಾಕಿ ಸ್ವಾಮಿ. ಉಪ್ಪನ್ನು ಹೊಡೆದುಹಾಕಿ, ಆ ಜಾಗದಲ್ಲಿ ಬಿಸಿನೀರು, ಎಣ್ಣೆ ಎಂದು ಸೇರಿಸಿದರೆ ಅದೇ ನಾಲ್ಕು ಸಾಲಿನಲ್ಲಿ ಹಿಡಿಯುತ್ತದೆ.

ಇತಿ,
ನಿಮ್ಮ ಓದುಗ, ನಿವೃತ್ತ ಅಟೆಂಡರ್
ಮಾದಾಪುರ, ಕೊಡಗು