ರೇಷ್ಮೆ ಶಿಫಾನ್ ಎಂಬ ಚೀಟಿ ಹಚ್ಚಿ ಪಾಲಿಯೆಸ್ಟರ್ ಕಳುಹಿಸಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮಕ್ಕಳ ಕಿನ್ನರಿ ಉಡುಪುಗಳಿಗಾಗಿ ತರಿಸಿಕೊಂಡ ಬಟ್ಟೆ

ಮಾನ್ಯರೇ,

ನಾನು ನಿಮ್ಮಲ್ಲಿ ಕೇಳಿದ್ದು ಬಣ್ಣ ಹಾಕದ, 8 ಮೊಮ್ಮೆ ತೂಕದ, ಅಂದರೆ ಚದರ ಮೀಟರಿಗೆ ಸುಮಾರು 35 ಗ್ರಾಂ ತೂಗುವ ಅಪ್ಪಟ ರೇಷ್ಮೆ ಶಿಫಾನ್. ಬಂದಿರುವುದು ಪಾಲಿಯೆಸ್ಟರ್. ಬಟ್ಟೆಗೆ ಹಚ್ಚಿದ ಚೀಟಿಯಲ್ಲಿ ‘ನೂರಕ್ಕೆ ನೂರು ರೇಷ್ಮೆ’ ಎಂದಿದೆ, ಬಿಲ್ಲಿನಲ್ಲೂ ಹಾಗೆಯೇ ಇದೆ. ಎರಡರ ಪ್ರತಿಗಳನ್ನೂ ಲಗತ್ತಿಸಿದ್ದೇನೆ. ದೂರವಾಣಿಯಲ್ಲಿ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರವನ್ನು ಒಪ್ಪಲು ಸಾಧ್ಯವೇ ಇಲ್ಲದ್ದರಿಂದ ಈಗ ಬರಹದಲ್ಲಿ ತಿಳಿಸುತ್ತಿದ್ದೇನೆ.

ಮಕ್ಕಳ ನಾಟಕ, ನೃತ್ಯಗಳಿಗೆ ಉಡುಪು ಹೊಲಿಯುವುದು ನನ್ನ ಕೆಲಸ. ಈಗ ಕೈಯಲ್ಲಿರುವ ನಾಟಕದಲ್ಲಿ ಮಕ್ಕಳೆಲ್ಲ ಕಾಡಿನ ಕಿನ್ನರಿಯರು. ಒಬ್ಬಳು ಚಿಗುರು, ಒಬ್ಬಳು ಹಣ್ಣೆಲೆ, ಇನ್ನೊಬ್ಬ ಏರೋಪ್ಲೇನ್ ಚಿಟ್ಟೆ. ಸೊಂಟಪಟ್ಟಿಯಿಂದ ಎಲೆಯಾಕಾರದ ಎಸಳುಗಳು ಎರಡು ಪದರವಾಗಿ ಇಳಿಬೀಳುವ ಉಡುಪು ಅದು. ಒಂದೊಂದು ಎಸಳನ್ನೂ ಹಾಸು ಹೊಕ್ಕುಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಹೀಗೆ ಕ್ರಾಸ್ ಕತ್ತರಿಸಿದ ಶಿಫಾನ್ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಆದ್ದರಿಂದ ಒಂದು ರಾತ್ರಿ ತೂಗುಹಾಕಿ, ಜಗ್ಗುವಷ್ಟು ಜಗ್ಗಿದ ಮೇಲೆಯೇ ಅಂಚು ಸಮಮಾಡಿ, ಸಣ್ಣದಾಗಿ ಸುರುಳಿ ಮಡಿಸಿ ಹೊಲಿಯುತ್ತೇನೆ. ಆಗ ಮಗು ಗಿರಕಿ ಹೊಡೆದರೆ ಎಸಳುಗಳು ಬಿಡಿಬಿಡಿಯಾಗಿ ಮೇಲೇಳುತ್ತವೆ, ನಿಂತರೆ ಒಂದರ ಹಿಂದೊಂದು ಇಳಿಯುತ್ತವೆ. ಉಡುಪು ತೊಟ್ಟ ಪ್ರತಿ ಮಗುವೂ ಮೊದಲು ಮಾಡುವುದು ಇದನ್ನೇ, ಗಿರಕಿ ಹೊಡೆದು ತನ್ನ ಕಾಲ ಸುತ್ತ ನೋಡಿಕೊಳ್ಳುವುದು. ಆ ಸಂತೋಷಕ್ಕಾಗಿಯೇ ನಾನು ಬಟ್ಟೆಯ ವಿಷಯದಲ್ಲಿ ಇಷ್ಟು ಹಟ ಹಿಡಿಯುತ್ತೇನೆ.

ಕೊಳ್ಳುವ ಮುನ್ನ ನಿಮ್ಮಿಂದ ಮಾದರಿ ತುಂಡನ್ನು ತರಿಸಿಕೊಂಡಿದ್ದೆ. ಅದು ನಿಜವಾದ ರೇಷ್ಮೆ. ರೇಷ್ಮೆ, ಉಣ್ಣೆಗಳಿಗೆ ಹಿಡಿಯುವ ಆಮ್ಲವರ್ಣವನ್ನು ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ಕರಗಿಸಿ, ಸುಮಾರು 85 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದ್ದಿದಾಗ ಬಣ್ಣವನ್ನೆಲ್ಲ ಹೀರಿಕೊಂಡು ನೀರನ್ನು ತಿಳಿಯಾಗಿ ಬಿಟ್ಟಿತ್ತು. ಹಣ್ಣೆಲೆಯ ಎಸಳುಗಳಿಗೆ ಸೊಂಟದ ಬಳಿ ಎಳೆಹಸಿರು, ನಡುವೆ ಹಳದಿ, ತುದಿಯಲ್ಲಿ ಕಂದು ಬರುವಂತೆ ಹಂತಹಂತವಾಗಿ ಅದ್ದುವುದು ನನ್ನ ಯೋಜನೆ. ಆದರೆ ದೊಡ್ಡ ಪೊಟ್ಟಣದ ಬಟ್ಟೆಯಿಂದ ಒಂದು ಪಟ್ಟಿಯನ್ನು ಅದೇ ಬಣ್ಣದಲ್ಲಿ ಅದೇ ಶಾಖಕ್ಕೆ ಹಾಕಿದರೆ, ಬಣ್ಣವೆಲ್ಲ ನೀರಿನಲ್ಲೇ ಉಳಿಯಿತು. ತೊಳೆದ ಪಟ್ಟಿ ಹೋದ ಹಾಗೆಯೇ ಬೆಳ್ಳಗೆ ಹೊರಬಂತು. ಪಾಲಿಯೆಸ್ಟರ್‌ಗೆ ಆಮ್ಲವರ್ಣ ಹಿಡಿಯುವುದಿಲ್ಲ. ಅದಕ್ಕೆ ನೀರಿನಲ್ಲಿ ಕರಗದೆ ನುಣ್ಣಗೆ ಹರಡಿಕೊಳ್ಳುವ ಡಿಸ್ಪರ್ಸ್ ಬಣ್ಣವೇ ಬೇಕು, ಕಾರ್ಖಾನೆಗಳಲ್ಲಿ ಒತ್ತಡದ ಪಾತ್ರೆಯೊಳಗೆ 130 ಡಿಗ್ರಿಯ ಆಸುಪಾಸಿನಲ್ಲಿ ಹಾಕುತ್ತಾರೆ.

ಆದರೂ ನಿಮ್ಮನ್ನು ಸುಮ್ಮನೆ ದೂರಬಾರದೆಂದು ಸುಟ್ಟೂ ನೋಡಿದೆ. ಅಂಚಿನಿಂದ ಎಳೆಗಳನ್ನು ಬಿಡಿಸಿ, ಚಿಮಟದಲ್ಲಿ ಹಿಡಿದು ಉರಿಯ ಹತ್ತಿರ ಒಯ್ದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಉಳಿಯಬೇಕಿತ್ತು. ಈ ಎಳೆಗಳು ಉರಿ ತಾಗುವ ಮೊದಲೇ ಮುದುಡಿದವು, ಕರಗಿದವು, ಉಗುರಿನಿಂದ ಒತ್ತಿದರೂ ಒಡೆಯದ ಕಪ್ಪು ಮಣಿಯಾದವು. ಮಾದರಿ ತುಂಡಿನ ಎಳೆ ಪುಡಿಯಾಯಿತು. ಎರಡನ್ನೂ ಬಿಳಿ ಕಾಗದದ ಮೇಲಿಟ್ಟು ತೆಗೆದ ಚಿತ್ರ ಈ ಪತ್ರದ ಜೊತೆಗಿದೆ.

ನಿಮ್ಮ ಸಿಬ್ಬಂದಿ ಹೇಳಿದ್ದು ಎರಡು ಮಾತು. ಒಂದು, ಕತ್ತರಿಸಿದ ಬಟ್ಟೆಯನ್ನು ವಾಪಸು ಪಡೆಯುವುದಿಲ್ಲ. ಥಾನಿನಿಂದ ಕತ್ತರಿಸಿ ಕಳುಹಿಸಿದವರು ನೀವೇ ಅಲ್ಲವೇ? ಪರೀಕ್ಷೆಗೆ ತೆಗೆದ ಒಂದು ಪಟ್ಟಿ ಬಿಟ್ಟರೆ ನಾನು ಕತ್ತರಿ ಮುಟ್ಟಿಸಿಲ್ಲ. ಇನ್ನೊಂದು, ವೇದಿಕೆಯ ಬೆಳಕಿನಲ್ಲಿ ರೇಷ್ಮೆಗೂ ಪಾಲಿಯೆಸ್ಟರಿಗೂ ವ್ಯತ್ಯಾಸವೇ ಕಾಣುವುದಿಲ್ಲ, ಮಕ್ಕಳ ವೇಷಕ್ಕೆ ಇಷ್ಟು ಸಾಕು ಎಂಬುದು. ಈ ಮಾತು ನನ್ನನ್ನು ನಿಜಕ್ಕೂ ಕೆರಳಿಸಿತು. ಪಾಲಿಯೆಸ್ಟರ್ ಕೆಟ್ಟ ಬಟ್ಟೆ ಎನ್ನುತ್ತಿಲ್ಲ. ಕಾಯಿಸಿದ ತಂತಿಯಿಂದ ಅಂಚು ಕರಗಿಸಿ ರೆಕ್ಕೆ ಮಾಡುವುದಕ್ಕೆ ನಾನೇ ಅದನ್ನು ಆರಿಸಿಕೊಳ್ಳುತ್ತೇನೆ. ಆದರೆ ಒಣಹವೆಯಲ್ಲಿ ಅದು ಮೈಗೆ ಉಜ್ಜಿ ಹುಟ್ಟುವ ಸ್ಥಿರವಿದ್ಯುತ್ತಿನಿಂದ ಕಾಲಿಗೆ ಅಂಟಿಕೊಳ್ಳುತ್ತದೆ, ಎಸಳು ಇಳಿಬೀಳುವ ಬದಲು ಮುದುಡಿ ನಿಲ್ಲುತ್ತದೆ, ಬೆವರನ್ನು ಹೀರುವುದೂ ಇಲ್ಲ. ತಾಲೀಮು ಮುಗಿಸಿ ಬರುವ ಮಕ್ಕಳ ಬೆನ್ನು ಒದ್ದೆಯಾಗಿರುತ್ತದೆ ಎಂಬುದು ಅವರಿಗೆ ಉಡುಪು ತೊಡಿಸುವ ಯಾರಿಗಾದರೂ ಗೊತ್ತು.

ಬೆಂಕಿಯ ಮಾತನ್ನೂ ಹೇಳಲೇಬೇಕು. ತೇಲಾಡುವ ತೆಳು ಬಟ್ಟೆ ಯಾವುದೇ ಇರಲಿ, ಉರಿಯ ಹತ್ತಿರ ಅಪಾಯವೇ. ರೇಷ್ಮೆಯೂ ಇದಕ್ಕೆ ಹೊರತಲ್ಲ. ಆದರೆ ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿ ಸುಡುತ್ತದೆ. ಮಕ್ಕಳ ಆಟದ ವೇಷಗಳೂ ಸೇರಿದಂತೆ ಆಟಿಕೆಗಳು ಎಷ್ಟು ಬೇಗ ಹೊತ್ತಿಕೊಂಡು ಉರಿಯುತ್ತವೆ ಎಂಬುದಕ್ಕೆ ಐಎಸ್‌ಒ 8124ರ ಎರಡನೆಯ ಭಾಗದಂಥ ಅಂತರರಾಷ್ಟ್ರೀಯ ಮಾನದಂಡವಿದೆ. ಒಳಗೆ ಯಾವ ಲೈನಿಂಗ್ ಕೊಡಬೇಕು, ದೀಪವಿರುವ ದೃಶ್ಯದಲ್ಲಿ ಯಾವ ಮಗುವನ್ನು ಎಲ್ಲಿ ನಿಲ್ಲಿಸಬೇಕು ಎಂದು ನಿರ್ದೇಶಕರಿಗೆ ಹೇಳುವವಳು ನಾನು. ಚೀಟಿಯನ್ನು ನಂಬಿಯೇ ಹೇಳುತ್ತೇನೆ. ಚೀಟಿಯೇ ಸುಳ್ಳಾದರೆ ನನ್ನ ಮಾತೂ ಸುಳ್ಳಾಗುತ್ತದೆ, ಅದರ ಪರಿಣಾಮ ಮಗುವಿನ ಮೈಮೇಲೆ ಆಗುತ್ತದೆ.

ಆದ್ದರಿಂದ ಇಡೀ ಮೊತ್ತವನ್ನು ಸಾಗಣೆ ವೆಚ್ಚದ ಸಮೇತ ಹಿಂದಿರುಗಿಸಬೇಕು, ಬಟ್ಟೆಯನ್ನು ನಿಮ್ಮ ಖರ್ಚಿನಲ್ಲೇ ವಾಪಸು ತೆಗೆದುಕೊಳ್ಳಬೇಕು. ಬದಲಿ ಬಟ್ಟೆ ಕಳುಹಿಸುವುದಾದರೆ, ಕಳುಹಿಸುವ ಥಾನಿನಿಂದಲೇ ಕತ್ತರಿಸಿದ ತುಂಡನ್ನು ಮೊದಲು ಕೊಡಿ, ಬಣ್ಣಕ್ಕೆ ಹಾಕಿ ನೋಡಿದ ಮೇಲೆ ಒಪ್ಪಿಗೆ ತಿಳಿಸುತ್ತೇನೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಇದೇ ಥಾನಿನ ಬಟ್ಟೆ ಬೇರೆಯವರಿಗೂ ಹೋಗಿರಬಹುದು. ಬಣ್ಣ ಹಾಕಿ ನೋಡದವರಿಗೆ ಇದು ತಿಳಿಯುವುದೇ ಇಲ್ಲ. ಅವರೆಲ್ಲರಿಗೂ ನೀವಾಗಿಯೇ ವಿಷಯ ತಿಳಿಸಬೇಕು, ತಿಳಿಸಿದ್ದೀರೆಂದು ನನಗೆ ಬರೆದು ಖಚಿತಪಡಿಸಬೇಕು.

ಪ್ರದರ್ಶನದ ದಿನ ಹತ್ತಿರವಾಗುತ್ತಿದೆ, ಬಣ್ಣಕ್ಕೂ ಹೊಲಿಗೆಗೂ ಸಮಯ ಬೇಕು. ದಯವಿಟ್ಟು ಒಂದು ವಾರದೊಳಗೆ ಲಿಖಿತ ಉತ್ತರ ಕೊಡಿ. ಬಾರದಿದ್ದರೆ ಈ ದಾಖಲೆಗಳೊಂದಿಗೆ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕಿ

ಲಗತ್ತುಗಳು: ಬಿಲ್ಲಿನ ಪ್ರತಿ, ಚೀಟಿಯ ಪ್ರತಿ, ಬಣ್ಣಕ್ಕೆ ಹಾಕಿದ ಎರಡೂ ತುಂಡುಗಳು, ಸುಟ್ಟ ಎಳೆಗಳ ಚಿತ್ರ