ಮಗಳಿಗೊಂದು ಪತ್ರ: ನಿನ್ನ ಕವರ್ ಲೆಟರ್ ಓದಿದೆ

ಮಗಳೇ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಕವರ್ ಲೆಟರ್, ಅಂದರೆ ಕೆಲಸ ಕೇಳಿ ರೆಸ್ಯೂಮೆ ಜೊತೆ ಇಡೋ ಕಾಗದ, ಓದಿದೆ. ಗಾರ್ಮೆಂಟ್ ಕಂಪನಿಯ ಕ್ವಾಲಿಟಿ ಕೆಲಸಕ್ಕೆ ಅಂತ ನೀನು ಹೇಳಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಅದನ್ನೇ ಬ್ಯಾಂಕಿಗೂ ಕಳಿಸಬಹುದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಕಳಿಸಬಹುದು. ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ, ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ ಅಂತ ಬರೆದಿದ್ದೀಯ. ನಾನು ಸೋಮಾರಿ ಅಂತ ಯಾರಾದರೂ ಬರೀತಾರಾ?

ಕೌಲ್ ಬಜಾರ್‌ನ ನಮ್ಮ ಜೀನ್ಸ್ ಯೂನಿಟ್ ಸಣ್ಣದೇ ಇರಬಹುದು, ಆದರೂ ಕೆಲಸ ಕೇಳಿ ಬರುವ ಅರ್ಜಿಗಳನ್ನು ನಾನೇ ಓದುತ್ತೇನಲ್ಲ. ಓದುವವನಿಗೆ ಪುರುಸೊತ್ತು ಇರೋದಿಲ್ಲ. ಈ ಹುಡುಗಿ ಬಂದರೆ ನನ್ನ ಯಾವ ತಲೆನೋವು ಕಡಿಮೆಯಾಗುತ್ತದೆ, ಅಷ್ಟೇ ಅವನು ಹುಡುಕೋದು. ನಿನ್ನ ಮಾರ್ಕ್ಸು, ಕಾಲೇಜು ಎಲ್ಲ ರೆಸ್ಯೂಮೆಯಲ್ಲಿದೆ. ಮತ್ತೆ ಅದನ್ನೇ ಯಾಕೆ ಬರೆಯುತ್ತೀಯ?

ಕಳೆದ ರಜೆಯಲ್ಲಿ ವಾಶಿಂಗ್‌ನಿಂದ ಬಂದ ಲಾಟ್‌ನಲ್ಲಿ ಕೆಲವು ಪ್ಯಾಂಟುಗಳ ಉದ್ದ ಕಡಿಮೆ ಬಂದಿತ್ತಲ್ಲ. ಟೈಲರ್ ಮೇಲೆ ಎಲ್ಲರೂ ಕೂಗಾಡುತ್ತಿದ್ದಾಗ ನೀನು ಟೇಪ್ ಹಿಡಿದು ಒಂದೊಂದೇ ಅಳೆದು, ಯಾವ ರೋಲ್‌ನಿಂದ ಕತ್ತರಿಸಿದ್ದು ಅಂತ ಹೇಳೋ ಕಟಿಂಗ್ ನಂಬರ್ ನೋಡಿ, ಗಿಡ್ಡ ಆದವೆಲ್ಲ ಒಂದೇ ರೋಲ್‌ನ ಬಟ್ಟೆ, ಆ ರೋಲ್ ನೀರಿಗೆ ಜಾಸ್ತಿ ಕುಗ್ಗುತ್ತದೆ ಅಂತ ತೋರಿಸಿದೆ. ಅವತ್ತಿನಿಂದ ನಾವು ಪ್ರತಿ ರೋಲ್‌ನಿಂದ ಒಂದು ತುಂಡು ತೊಳೆದು, ಅಳೆದೇ ಕತ್ತರಿ ಹಾಕೋದು. ಇದನ್ನು ಬರಿ. ನಾಲ್ಕೈದು ಸಾಲು ಸಾಕು: ಏನಾಗಿತ್ತು, ನೀನು ಏನು ಮಾಡಿದೆ, ಆಮೇಲೆ ಏನು ಬದಲಾಯಿತು. ಅಪ್ಪನ ಯೂನಿಟ್ ಅಂತ ಮುಚ್ಚಿಡಬೇಡ, ಜಂಬವೂ ಬೇಡ.

ಅದಕ್ಕೂ ಮೊದಲು ಅವರ ಜಾಹೀರಾತನ್ನು ಇನ್ನೊಂದು ಸಲ ಓದು. ಅವರು ಕೇಳಿರೋದು ಬಟ್ಟೆ ತಪಾಸಣೆ, ರಿಪೋರ್ಟ್ ಬರೆಯೋದು. ಮೊದಲನೆಯದಕ್ಕೆ ಈ ರೋಲ್ ಕಥೆ ಆಯಿತು. ಎರಡನೆಯದಕ್ಕೆ ನೀನು ಎಕ್ಸೆಲ್‌ನಲ್ಲಿ ಇಟ್ಟ ರಿಜೆಕ್ಟ್ ಪೀಸ್‌ಗಳ ಲೆಕ್ಕ ಇದೆ. ಬರದ ಕೆಲಸ ಬರುತ್ತದೆ ಅಂತ ಮಾತ್ರ ಹಾಕಬೇಡ, ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ.

ಇನ್ನು, 'ದಯವಿಟ್ಟು ಒಂದು ಅವಕಾಶ ಕೊಟ್ಟು ಕಾಪಾಡಿ' ಅನ್ನೋ ಧಾಟಿ ತೆಗೆದುಬಿಡು. ನೀನು ಕೆಲಸ ಕೇಳುತ್ತಿದ್ದೀಯ, ಸಾಲ ಅಲ್ಲ. ಮನೆ ಕಷ್ಟ, ನನ್ನ ಬಿಪಿ ಅವರಿಗೆ ಯಾಕೆ ಬೇಕು? ಒಂದು ಪುಟ ದಾಟದಿರಲಿ. ಹುದ್ದೆಯ ಹೆಸರು ಮೇಲ್‌ನ ಸಬ್ಜೆಕ್ಟ್‌ನಲ್ಲೇ ಇರಲಿ, ಪಿಡಿಎಫ್‌ಗೆ ನಿನ್ನ ಹೆಸರು ಇಡು. ಹಳೇ ಕಾಗದ ತಿದ್ದಿ ಕಳಿಸುತ್ತಿದ್ದರೆ ಹಿಂದಿನ ಕಂಪನಿ ಹೆಸರು ಎಲ್ಲಾದರೂ ಉಳಿದಿದೆಯಾ ನೋಡು. ನಮ್ಮಲ್ಲಿಗೂ ಬೇರೆ ಯಾರದೋ ಹೆಸರು ಹೊತ್ತ ಅರ್ಜಿ ಬಂದಿದ್ದುಂಟು, ಅಲ್ಲಿಗೇ ಮಡಚಿಟ್ಟೆ.

ಇಂಗ್ಲಿಷ್ ತಪ್ಪು ನೋಡೋಕೆ ನಿನ್ನ ರೂಮ್‌ಮೇಟ್‌ಗೆ ಕೊಡು. ಅದು ನನ್ನ ಕೈಲಾಗದ ಕೆಲಸ.

ನಿನ್ನ ಅಪ್ಪ
ಬಳ್ಳಾರಿ